ಹೊರಡುವ ಹೊತ್ತೇ ದಾರಿ

ಸಿಂಧನೂರಿನ ಗಿರಣಿಯಲ್ಲಿ ಅಕ್ಕಿ ತುಂಬಿಕೊಂಡು ನವಿ ಮುಂಬೈನ ವಾಶಿ ಮಾರುಕಟ್ಟೆಗೆ ಹೊರಟ ಲಾರಿಯ ಮುಂದೆ ಸುಮಾರು 700 ಕಿಲೋಮೀಟರ್ ದಾರಿ ಇರುತ್ತದೆ. ಇಷ್ಟು ಉದ್ದದ ದಾರಿಯಲ್ಲಿ ಡ್ರೈವರನಿಗೆ ನಿಜವಾದ ಆಯ್ಕೆ ಇರುವುದು ಮೊದಲ ನೂರು ಕಿಲೋಮೀಟರಿನಲ್ಲಿ ಮಾತ್ರ. ಮಸ್ಕಿ, ಲಿಂಗಸುಗೂರು, ಮುದಗಲ್ಲ ಹಾದು ಹುನಗುಂದದ ಬಳಿ 50ನೇ ರಾಷ್ಟ್ರೀಯ ಹೆದ್ದಾರಿ ಹಿಡಿಯಬಹುದು. ಇಲ್ಲವೆ ತಾವರಗೇರಾ ಮೇಲೆ ಕುಷ್ಟಗಿಗೆ ಹೋಗಿ, ಅಲ್ಲಿಯೇ ಆ ಹೆದ್ದಾರಿ ಸೇರಿ, ಇಳಕಲ್ಲ ದಾಟಿ ಹುನಗುಂದ ಮುಟ್ಟಬಹುದು. ಅಲ್ಲಿಂದ ಮುಂದೆ ವಿಜಯಪುರ, ಸೊಲ್ಲಾಪುರ, ಪುಣೆ, ಖಂಡಾಲಾ ಘಾಟ್ ಎಲ್ಲ ಲಾರಿಗೂ ಒಂದೇ. ಈ ಎರಡು ದಾರಿಗಳಲ್ಲಿ ಯಾವುದು ಹತ್ತಿರ, ಯಾವುದರಲ್ಲಿ ಟೋಲ್ ಉಳಿಯುತ್ತದೆ ಎಂದು ತಾಸುಗಟ್ಟಲೆ ವಾದಿಸಬಹುದು. ಹತ್ತು ಚಕ್ರದ ಲಾರಿ ಲೀಟರಿಗೆ ನಾಲ್ಕು ಕಿಲೋಮೀಟರ್ ಕೊಡುತ್ತದೆ, ಡೀಸೆಲ್ 90 ರೂಪಾಯಿ ಆಸುಪಾಸು ಎಂದು ಹಿಡಿದರೆ ಒಂದು ಕಡೆಯ ಪಯಣಕ್ಕೇ ಹದಿನಾರು ಸಾವಿರದಷ್ಟು ಎಣ್ಣೆ ಬೇಕು. ಎರಡು ದಾರಿಗಳ ನಡುವಿನ ಐದಾರು ಕಿಲೋಮೀಟರ್ ವ್ಯತ್ಯಾಸದ ಬೆಲೆ ಅದರಲ್ಲಿ ನೂರು, ನೂರಿಪ್ಪತ್ತು ರೂಪಾಯಿ. ದೂರದ ಲಾರಿಯ ಪಯಣ ಕೆಡುವುದಾಗಲಿ ಸುಧಾರಿಸುವುದಾಗಲಿ ಈ ನೂರು ರೂಪಾಯಿಯಿಂದಲ್ಲ. ಗಿರಣಿಯ ಅಂಗಳದಲ್ಲಿ ಲೋಡ್ ಎಷ್ಟು ಗಂಟೆಗೆ ಮುಗಿಯಿತು ಎಂಬುದರಿಂದ. ಉಳಿದೆಲ್ಲ ಲೆಕ್ಕ ಅದರ ಹಿಂದೆ ಬರುತ್ತದೆ.

ಹಾಗೆಂದು ರಸ್ತೆಯ ಆಯ್ಕೆಗೆ ಅರ್ಥವೇ ಇಲ್ಲ ಎನ್ನುವಂತಿಲ್ಲ. ಲಿಂಗಸುಗೂರಿನ ಮೇಲೆ ಹೋದರೆ ನೂರು ಕಿಲೋಮೀಟರಿನಷ್ಟು ಎರಡು ಪಥದ ರಸ್ತೆ, ಕುಷ್ಟಗಿಯ ಮೇಲೆ ಹೋದರೆ ಅರವತ್ತೈದರಷ್ಟು. ಮಸ್ಕಿಯಲ್ಲಿ ಹೆದ್ದಾರಿ ಊರೊಳಗೇ ಹಾದುಹೋಗುತ್ತದೆ. ಲಿಂಗಸುಗೂರಿನಲ್ಲಿ ಜೇವರ್ಗಿಯಿಂದ ಬಳ್ಳಾರಿ ಕಡೆಗೆ ಇಳಿಯುವ 150ಎ ಹೆದ್ದಾರಿಗೆ ಬೆಳಗಾವಿ–ರಾಯಚೂರು ರಸ್ತೆ ಅಡ್ಡ ಬರುತ್ತದೆ. ಆದರೆ ಈ ರಸ್ತೆಗಳ ಗುಣ ಗಂಟೆ ಗಂಟೆಗೂ ಬದಲಾಗುತ್ತದೆ ಎಂಬುದನ್ನು ಗಮನಿಸಬೇಕು. ನವೆಂಬರ್, ಡಿಸೆಂಬರ್‌ನಲ್ಲಿ ತುಂಗಭದ್ರಾ ಎಡದಂಡೆಯ ಭತ್ತ ಕೊಯ್ಲಿಗೆ ಬಂದಾಗ ಈ ಭಾಗದಲ್ಲಿ ರಸ್ತೆಯೇ ಕಣವಾಗುತ್ತದೆ. ಅರ್ಧ ರಸ್ತೆಯ ಮೇಲೆ ಭತ್ತ ಹರವಿ, ವಾಹನ ಹತ್ತದಿರಲಿ ಎಂದು ಅಂಚಿಗೆ ಕಲ್ಲಿಟ್ಟು, ರಾತ್ರಿ ಒಟ್ಟುಮಾಡಿ ತಾಡಪಾಲು ಹೊದಿಸಿರುತ್ತಾರೆ. ಭತ್ತ ಹೇರಿದ ಟ್ರ್ಯಾಲಿಗೆ ಹಿಂದಿನ ದೀಪ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಹಗಲು ನಿಧಾನಕ್ಕಾದರೂ ದಾಟಿ ಹೋಗಬಹುದಾದ ಈ ಕಲ್ಲು ಮತ್ತು ಈ ಟ್ರ್ಯಾಲಿ ರಾತ್ರಿ ಒಂಬತ್ತಕ್ಕೆ ಪ್ರಾಣಕ್ಕೆ ಬರುತ್ತವೆ. ಒಂದೇ ರಸ್ತೆ ಹಗಲಿಗೆ ಒಂದು, ಇರುಳಿಗೆ ಇನ್ನೊಂದು. ರೈತ ಕಣವಿಲ್ಲದೆ ರಸ್ತೆಗೆ ಬಂದಿದ್ದಾನೆ, ಅವನನ್ನು ಬೈದು ಪ್ರಯೋಜನವಿಲ್ಲ.

ಈಗ ಗಂಟೆಯ ಲೆಕ್ಕಕ್ಕೆ ಬರೋಣ. ಊರು, ಟೋಲ್, ಘಾಟ್ ಎಲ್ಲ ಸೇರಿ ತುಂಬಿದ ಲಾರಿಯ ಸರಾಸರಿ ವೇಗ ಗಂಟೆಗೆ 45 ಕಿಲೋಮೀಟರ್ ಎಂದಿಟ್ಟುಕೊಳ್ಳಿ. ಎಂಬತ್ತರ ವೇಗಮಿತಿಯ ಸಾಧನ ಕೂಡಿಸಿದ ಗಾಡಿಗೆ ಇದು ಕಂಜೂಸಿ ಲೆಕ್ಕವೇನಲ್ಲ. 700 ಕಿಲೋಮೀಟರಿಗೆ ಹದಿನೈದೂವರೆ ಗಂಟೆ ಬರಿಯ ಓಟವೇ ಆಯಿತು. ಸೋಮವಾರ ಮಧ್ಯಾಹ್ನ ಚೀಲ ಏರಿಸಲು ಶುರುಮಾಡಿ, ತೂಕ ಮತ್ತು ಬಿಲ್ಲು ಮುಗಿಸಿ ರಾತ್ರಿ ಒಂಬತ್ತಕ್ಕೆ ಬಿಟ್ಟ ಲಾರಿ ಊಟ, ಚಹಾಕ್ಕೆ ಒಂದೂವರೆ ಗಂಟೆ ಕಳೆದು ಮಂಗಳವಾರ ಮಧ್ಯಾಹ್ನ ಎರಡರ ಹೊತ್ತಿಗೆ ವಾಶಿಯಲ್ಲಿರುತ್ತದೆ. ಡ್ರೈವರ್ ಒಂದು ರೆಪ್ಪೆ ಮುಚ್ಚಿರುವುದಿಲ್ಲ. ಬೆಳಗಿನ ಜಾವ ನಾಲ್ಕರ ಸುಮಾರಿಗೆ, ಮನುಷ್ಯನ ಮೈಯಲ್ಲಿ ನಿದ್ದೆಯ ಒತ್ತಡ ಅತ್ಯಂತ ಹೆಚ್ಚಿರುವ ಹೊತ್ತಿನಲ್ಲಿ, ಅವನು ವಿಜಯಪುರ–ಸೊಲ್ಲಾಪುರದ ಸಪಾಟಾದ ನಾಲ್ಕು ಪಥದ ರಸ್ತೆಯ ಮೇಲಿರುತ್ತಾನೆ. ಹದಿನೆಂಟು ಗಂಟೆಯಲ್ಲಿ 25.54 ಕಿಲೋಮೀಟರ್ ಒಂದು ಪಥದ ಡಾಂಬರು ಹಾಕಿ 2021ರ ಫೆಬ್ರುವರಿಯಲ್ಲಿ ಲಿಮ್ಕಾ ದಾಖಲೆಗೆ ಸೇರಿದ ರಸ್ತೆ ಅದು. ಅಷ್ಟು ನಯವಾದ ರಸ್ತೆಯಲ್ಲಿ ತಗ್ಗೂ ಇಲ್ಲ, ತಿರುವೂ ಇಲ್ಲ, ಎಬ್ಬಿಸುವವರು ಯಾರೂ ಇಲ್ಲ.

ಇದೇ ಲಾರಿಗೆ ಚೀಲ ಏರಿಸುವುದನ್ನು ಸೋಮವಾರ ಬೆಳಿಗ್ಗೆ ಆರೇಳಕ್ಕೆ ಶುರುಮಾಡಿ ಮಧ್ಯಾಹ್ನ ಎರಡಕ್ಕೆ ಬಿಟ್ಟರು ಎನ್ನಿ. 310 ಕಿಲೋಮೀಟರ್ ದೂರದ ಸೊಲ್ಲಾಪುರಕ್ಕೆ ರಾತ್ರಿ ಒಂಬತ್ತೂವರೆಗೆ ತಲುಪಿ, ಉಂಡು ಮಲಗಿ, ಬೆಳಿಗ್ಗೆ ಐದಕ್ಕೆ ಎದ್ದು ಹೊರಟರೆ ಉಳಿದ 390 ಕಿಲೋಮೀಟರ್ ಮುಗಿಸಿ ಮಂಗಳವಾರ ಮಧ್ಯಾಹ್ನ ಎರಡೂಮುಕ್ಕಾಲು, ಮೂರಕ್ಕೆ ಅವನೂ ವಾಶಿಯಲ್ಲಿರುತ್ತಾನೆ. ಎರಡು ಲಾರಿಗಳ ನಡುವಿನ ಅಂತರ ಹೆಚ್ಚೆಂದರೆ ಒಂದು ಗಂಟೆ. ಒಬ್ಬ ಡ್ರೈವರ್ ಆರೇಳು ತಾಸು ಮಲಗಿದ್ದಾನೆ, ಇನ್ನೊಬ್ಬ ಮಲಗಿಲ್ಲ, ಅಷ್ಟೇ ವ್ಯತ್ಯಾಸ. ಈ ನಿದ್ದೆಗೆ ಮಾಲೀಕನಾಗಲಿ, ವ್ಯಾಪಾರಿಯಾಗಲಿ, ಅಕ್ಕಿ ತಿನ್ನುವವರಾಗಲಿ ಒಂದು ರೂಪಾಯಿ ಕೊಟ್ಟಿಲ್ಲ. ಲೋಡಿಂಗ್ ಏಳು ಗಂಟೆ ಹಿಂದಕ್ಕೆ ಸರಿದಿದ್ದರಿಂದ ಅದು ಸಿಕ್ಕಿತು.

ಹಾಗಾದರೆ ಬೆಳಿಗ್ಗೆ ಯಾಕೆ ತುಂಬುವುದಿಲ್ಲ? ಹತ್ತು ಚಕ್ರದ ಲಾರಿಗೆ ಹದಿನೆಂಟು ಟನ್ ಅಕ್ಕಿ ಎಂದರೆ 26 ಕಿಲೋದ ಚೀಲಗಳು ಸುಮಾರು 700. (ಇಪ್ಪತ್ತೈದರ ಚೀಲ ಇಪ್ಪತ್ತಾರಾದ ಕಥೆ ಗೊತ್ತಿರುವುದೇ: 2022ರ ಜುಲೈ 18ರಿಂದ 25 ಕಿಲೋವರೆಗಿನ ಮುದ್ರಿತ ಚೀಲಕ್ಕೆ ಶೇ 5 ಜಿಎಸ್‌ಟಿ ಬಂತು, ಗಿರಣಿಗಳು ಚೀಲಕ್ಕೆ ಒಂದು ಕಿಲೋ ಹೆಚ್ಚು ಹಾಕಿ ಹೊರಗುಳಿದವು.) ಈ 700 ಚೀಲ ಹಮಾಲರ ಬೆನ್ನ ಮೇಲೆ ಏರಬೇಕು. ಒಂದೇ ತಂಡ ಬೆಳಿಗ್ಗೆಯಿಂದ ಬಂದ ಭತ್ತ ಇಳಿಸಿ, ಆಮೇಲೆ ಅಕ್ಕಿ ಏರಿಸಲು ಬರುತ್ತದೆ. ಅಷ್ಟರಲ್ಲಿ ಮುಂಬೈ ವ್ಯಾಪಾರಿಯ ಫೋನು ಬಂದು ದರ ಕುದುರಬೇಕು, ಅವನ ಮಾರ್ಕಿನ ಚೀಲಕ್ಕೆ ಹೊಲಿಗೆ ಬೀಳಬೇಕು. ನಂತರ ವೇ ಬ್ರಿಡ್ಜ್, ಬಿಲ್ಲು, ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಅಡ್ವಾನ್ಸು, ಕೊನೆಗೆ ತಾಡಪಾಲು ಬಿಗಿದು ಹಗ್ಗ ಕಟ್ಟುವುದು. ಇದರಲ್ಲಿ ಯಾವುದೂ ಯಾರದೂ ಸೋಮಾರಿತನವಲ್ಲ. ಆದರೆ ಇಡೀ ಸಾಲಿನಲ್ಲಿ ಕಾಯುವುದಕ್ಕೆ ಬೆಲೆಯಿಲ್ಲದ ಒಂದೇ ವಸ್ತು ಅಂಗಳದಲ್ಲಿ ನಿಂತ ಲಾರಿ. ಬಾಡಿಗೆ ಟನ್ ಲೆಕ್ಕದಲ್ಲಿ ಗೊತ್ತಾಗಿದೆ. ಬೆಳಿಗ್ಗೆ ಎಂಟಕ್ಕೆ ಬಂದು ರಾತ್ರಿ ಒಂಬತ್ತಕ್ಕೆ ಹೋದರೂ ಬಾಡಿಗೆ ಅಷ್ಟೇ. ಯಾವುದು ಬಿಟ್ಟಿಯೋ ಅದು ಪೋಲಾಗುತ್ತದೆ, ಗಿರಣಿಯವರು ಅದನ್ನು ಪೋಲು ಮಾಡುತ್ತಿದ್ದೇವೆಂದು ಲೆಕ್ಕಕ್ಕೂ ಹಿಡಿಯುವುದಿಲ್ಲ.

ಕಾನೂನು ಏನು ಹೇಳುತ್ತದೆ? 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ ಎಂಟು ಗಂಟೆ ದುಡಿಮೆ ಎಂದಿತು. ದೂರದ ಮಾರ್ಗಗಳಿಗೆ ಅನುಮತಿಯ ಮೇಲೆ ಹತ್ತು. ಐದು ಗಂಟೆಗೊಮ್ಮೆ ಅರ್ಧ ಗಂಟೆ ವಿರಾಮ. ಈಗ ಅದು 2020ರ ಔದ್ಯೋಗಿಕ ಸುರಕ್ಷತೆಯ ಸಂಹಿತೆಯೊಳಗೆ ಸೇರಿದೆ. ಆ ಕಾಯ್ದೆ ಅನ್ವಯಿಸುತ್ತಿದ್ದುದು ಐದು ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆಗೆ. ಒಂದೋ ಎರಡೋ ಗಾಡಿ ಇಟ್ಟುಕೊಂಡ ಮಾಲೀಕನೇ ಈ ವ್ಯಾಪಾರದಲ್ಲಿ ಹೆಚ್ಚು, ಆದ್ದರಿಂದ ಮುಖ್ಯವಾಗಿ ಬೇಕಾದ ಕಡೆಯೇ ಅದು ಇರಲಿಲ್ಲ. ಯುರೋಪಿನಲ್ಲಿ ನಾಲ್ಕೂವರೆ ಗಂಟೆ ಓಡಿಸಿದ ಮೇಲೆ ಮುಕ್ಕಾಲು ಗಂಟೆ ನಿಲ್ಲಲೇಬೇಕು, ದಿನಕ್ಕೆ ಒಂಬತ್ತು ಗಂಟೆಯೇ ಸಾಮಾನ್ಯ ಮಿತಿ. ಅಮೆರಿಕದಲ್ಲಿ ಹನ್ನೊಂದು, ಅದನ್ನು 2017ರ ಡಿಸೆಂಬರ್‌ನಿಂದ ಯಂತ್ರವೇ ಬರೆದಿಡುತ್ತದೆ. ನಮ್ಮಲ್ಲಿ ಇನ್ನೊಂದು ತಮಾಷೆಯಿದೆ. ಜಿಎಸ್‌ಟಿಯ ಇ-ವೇ ಬಿಲ್ ಬೇಕಾದ ಸರಕಿಗೆ 2021ರ ಜನವರಿಯಿಂದ 200 ಕಿಲೋಮೀಟರಿಗೆ ಒಂದು ದಿನದ ಅವಧಿ. 700 ಕಿಲೋಮೀಟರಿಗೆ ನಾಲ್ಕು ದಿನ ಸಿಕ್ಕಂತಾಯಿತು. ಸರಕಿನ ಕಾಗದಕ್ಕೆ ಸರ್ಕಾರ ನಾಲ್ಕು ದಿನ ಕೊಟ್ಟಿದೆ, ಸರಕು ಹೊತ್ತ ಮನುಷ್ಯನಿಗೆ ವ್ಯಾಪಾರ ಒಂದು ರಾತ್ರಿ ಕೊಡುತ್ತದೆ.

ರಾತ್ರಿ ಓಡಿಸುವುದನ್ನು ಸಮರ್ಥಿಸುವವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ರಾಯಚೂರು ಸೀಮೆಯ ಏಪ್ರಿಲ್, ಮೇ ಬಿಸಿಲಿನಲ್ಲಿ ಮಧ್ಯಾಹ್ನ ಓಡಿದರೆ ಟೈರು ಕಾಯುತ್ತದೆ, ಕ್ಯಾಬಿನ್ನು ಒಲೆಯಾಗುತ್ತದೆ. 2025ರ ಅಕ್ಟೋಬರ್ 1ರಿಂದ ತಯಾರಾದ ಮಧ್ಯಮ ಮತ್ತು ಭಾರಿ ಲಾರಿಗಳಿಗೆ ಎ.ಸಿ. ಕ್ಯಾಬಿನ್ ಕಡ್ಡಾಯವಾದರೂ ಈಗ ರಸ್ತೆಯ ಮೇಲಿರುವ ಹಳೆಯ ಗಾಡಿಗಳಿಗೆ ಅದು ಬರುವುದಿಲ್ಲ. ರಾತ್ರಿ ರಸ್ತೆ ಖಾಲಿ, ಬೈಕಿನವರ ಕಾಟವಿಲ್ಲ ಎಂಬುದೂ ನಿಜ. ಅಪಘಾತದ ಅಂಕಿಅಂಶ ನೋಡಿದರೂ ದೇಶದಲ್ಲಿ ಅತಿ ಹೆಚ್ಚು ಅಪಘಾತ ನಡೆಯುವುದು ಸಂಜೆ ಆರರಿಂದ ಒಂಬತ್ತರ ನಡುವೆ, ನಡುರಾತ್ರಿಯಲ್ಲಲ್ಲ. ಆದರೆ ಸಂಜೆ ರಸ್ತೆಯ ಮೇಲಿರುವ ವಾಹನ ಎಷ್ಟು, ನಡುರಾತ್ರಿ ಎಷ್ಟು ಎಂದು ಭಾಗಿಸದೆ ಈ ಅಂಕಿಯನ್ನು ರಾತ್ರಿಯ ಪರ ಸಾಕ್ಷಿ ಹೇಳಿಸುವುದು ಸರಿಯಲ್ಲ. ಭಾಗಿಸಿದರೂ ಬಿಟ್ಟರೂ ಅದು ಹೇಳುವ ಒಂದು ಮಾತು ನನ್ನ ವಾದಕ್ಕೇ ಬಲ ಕೊಡುತ್ತದೆ. ಸಂಜೆ ಆರರಿಂದ ಒಂಬತ್ತರವರೆಗೆ ಲಾರಿ ಎಲ್ಲಿರಬೇಕು? ಎರಡು ಪಥದ, ಟ್ರ್ಯಾಲಿ ತುಂಬಿದ ಮಸ್ಕಿ ರಸ್ತೆಯಲ್ಲೋ, ವಿಜಯಪುರದ ಆಚೆ ನಾಲ್ಕು ಪಥದಲ್ಲೋ? ಎರಡಕ್ಕೆ ಬಿಟ್ಟ ಲಾರಿ ಸಂಜೆಯೊಳಗೆ ಕಿರಿದಾದ ರಸ್ತೆ ಮುಗಿಸಿರುತ್ತದೆ. ಸಂಜೆ ಆರೇಳಕ್ಕೆ ಬಿಟ್ಟದ್ದು ಆ ಹೊತ್ತಿನ ಬಹುಪಾಲು ಅಲ್ಲೇ ತೆವಳುತ್ತದೆ. ಬೇಸಿಗೆಗೆ ಬೇರೆ ಲೆಕ್ಕ ಹಾಕಬೇಕು, ಒಪ್ಪುತ್ತೇನೆ: ಸಂಜೆಯೇ ತುಂಬಿಟ್ಟು ಬೆಳಗಿನ ಜಾವ ಐದಕ್ಕೆ ಬಿಟ್ಟು, ಹನ್ನೆರಡರಿಂದ ನಾಲ್ಕು ನೆರಳಿನಲ್ಲಿ ನಿಂತು, ಮತ್ತೆ ರಾತ್ರಿ ಎಂಟೊಂಬತ್ತರವರೆಗೆ ಓಡಿಸುವುದು. ಅಲ್ಲಿಯೂ ಹೊರಡುವ ಹೊತ್ತು ಮೊದಲು, ರಸ್ತೆ ಆಮೇಲೆ.

ಮಾಲೀಕನ ಆಕ್ಷೇಪ ಬೇರೆ. ನಿಂತ ಗಾಡಿ ಸಾಲ ತೀರಿಸುವುದಿಲ್ಲ ಎನ್ನುತ್ತಾನೆ. ಕಂತು ತಿಂಗಳಿಗೆ 60,000 ಎಂದು ಹಿಡಿದರೆ ಗಂಟೆಗೆ 83 ರೂಪಾಯಿ. ಸೊಲ್ಲಾಪುರದಲ್ಲಿ ಡ್ರೈವರ್ ಮಲಗಿದ ಏಳು ಗಂಟೆಗೆ 580 ರೂಪಾಯಿ. ಗಿರಣಿಯ ಅಂಗಳದಲ್ಲಿ ನಿಂತ ಹದಿಮೂರು ಗಂಟೆಗೆ ಸಾವಿರದ ಎಂಬತ್ತು. ಮೊದಲನೆಯದು ಮಾಲೀಕನ ಕಣ್ಣಿಗೆ ಕುಕ್ಕುತ್ತದೆ, ಎರಡನೆಯದು ಕಾಣುವುದೇ ಇಲ್ಲ. ಕಾರಣ ಸರಳ: ಡ್ರೈವರನಿಗೆ ಫೋನು ಮಾಡಿ ಗದರಿಸಬಹುದು, ಗಿರಣಿಯವರಿಗೆ ಗದರಿಸಿದರೆ ಮುಂದಿನ ಲೋಡು ಬೇರೆಯವರ ಪಾಲು. ಹಾಗೆ ಕಳೆದುಹೋದ ಹೊತ್ತನ್ನು ತುಂಬಿಕೊಳ್ಳಲು ಎರಡೇ ದಾರಿ ಉಳಿಯುತ್ತವೆ. ಒಂದು ನಿದ್ದೆ ಕದಿಯುವುದು, ಇನ್ನೊಂದು ಎರಡು ಟನ್ ಹೆಚ್ಚು ಹೇರುವುದು.

ಹೆಚ್ಚು ಹೇರುವುದರ ಬಗ್ಗೆ ಸ್ವಲ್ಪ ನಿಂತು ನೋಡಬೇಕು. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ನಾಲ್ಕು ಟೈರಿನ ಒಂದು ಅಚ್ಚಿಗೆ 10.2 ಟನ್ ಇದ್ದ ಮಿತಿಯನ್ನು 11.5ಕ್ಕೆ, ಜೋಡಿ ಅಚ್ಚಿಗೆ 19 ಇದ್ದದ್ದನ್ನು 21ಕ್ಕೆ ಏರಿಸಿತು. ಹತ್ತು ಚಕ್ರದ ಲಾರಿಯ ಒಟ್ಟು ತೂಕ 25 ಟನ್‌ನಿಂದ 28ರ ಆಸುಪಾಸಿಗೆ ಬಂತು. 1958ರಿಂದ 60ರವರೆಗೆ ಅಮೆರಿಕದ ಇಲಿನಾಯ್‌ನಲ್ಲಿ ನಡೆದ ರಸ್ತೆ ಪರೀಕ್ಷೆಯಿಂದ ಬಂದ ಒಂದು ಸೂತ್ರವನ್ನು ಎಂಜಿನಿಯರುಗಳು ಇಂದಿಗೂ ಬಳಸುತ್ತಾರೆ: ರಸ್ತೆಗೆ ಆಗುವ ಪೆಟ್ಟು ಅಚ್ಚಿನ ಭಾರದ ಹೆಚ್ಚುಕಡಿಮೆ ನಾಲ್ಕನೆಯ ಘಾತದಂತೆ ಏರುತ್ತದೆ. ಅದರ ಪ್ರಕಾರ 11.5 ಟನ್ ಅಚ್ಚು 10.2ರ ಅಚ್ಚಿಗಿಂತ ಒಂದೂವರೆ ಪಟ್ಟಿಗೂ ಹೆಚ್ಚು ಪೆಟ್ಟು ಕೊಡುತ್ತದೆ. ಮಿತಿಯ ಮೇಲೆ ಇನ್ನೂ ಶೇ 20 ಹೇರಿದರೆ ಪೆಟ್ಟು ಎರಡು ಪಟ್ಟು. 2019ರ ತಿದ್ದುಪಡಿಯಲ್ಲಿ ಕೇಂದ್ರ ಕಾಯ್ದೆ ಇದಕ್ಕೆ 20,000 ರೂಪಾಯಿ ದಂಡ, ಹೆಚ್ಚಿನ ಪ್ರತಿ ಟನ್ನಿಗೆ 2,000 ಎಂದು ಬರೆಯಿತು. ಕಪ್ಪು ಎರೆಮಣ್ಣಿನ ಮೇಲೆ ಕೂತ, ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವ ನೆಲದ ರಸ್ತೆಗಳಿಗೆ ಈ ಪೆಟ್ಟಿನ ಅರ್ಥ ಸಿಂಧನೂರು, ಮಸ್ಕಿ ಭಾಗದವರಿಗೆ ಬಿಡಿಸಿ ಹೇಳಬೇಕಿಲ್ಲ. ರಸ್ತೆ ಕೆಟ್ಟರೆ ಸರಾಸರಿ ವೇಗ ಇಳಿಯುತ್ತದೆ, ವೇಗ ಇಳಿದಷ್ಟೂ ನಿದ್ದೆಗೆ ಕತ್ತರಿ ಬೀಳುತ್ತದೆ.

ಇನ್ನೊಬ್ಬ ಡ್ರೈವರನನ್ನು ಹಾಕಿದರೆ ಎಲ್ಲ ಸರಿಹೋಗುತ್ತದಲ್ಲ ಎಂಬ ಮಾತಿದೆ. ಒಬ್ಬ ಒಳ್ಳೆಯ ಡ್ರೈವರ್ ಸಿಗುವುದೇ ಕಷ್ಟವಾಗಿರುವಾಗ ಇಬ್ಬರನ್ನು ಎಲ್ಲಿಂದ ತರುವುದು? ಎರಡನೆಯವನು ಎಂದು ಕೂತಿರುವುದು ಎಷ್ಟೋ ಸಲ ಲೈಸೆನ್ಸಿಲ್ಲದ ಕ್ಲೀನರ್. ಫೋನಿನ ನಕಾಶೆ ಹಿಡಿದರೆ ಸಾಕು ಎಂಬ ಮಾತಿಗೂ ಹೆಚ್ಚು ಹೊತ್ತು ಬೇಡ. ಅದು ಕಾರಿನ ಹೊತ್ತು ಹೇಳುತ್ತದೆ. ಊರೊಳಗೆ ಭಾರಿ ವಾಹನಕ್ಕೆ ನಿಷೇಧವಿರುವ ಗಂಟೆಗಳು, ಮುದಗಲ್ಲಿನ ಇಕ್ಕಟ್ಟು, ತುಂಗಭದ್ರೆಗೆ ನೀರು ಬಿಟ್ಟಾಗ ಮುಳುಗುವ ಕಂಪ್ಲಿ ಸೇತುವೆ ಇವೆಲ್ಲ ಅದಕ್ಕೆ ತಡವಾಗಿ ತಿಳಿಯುತ್ತವೆ. ಹೊರಡಲು ಯೋಗ್ಯವಾದ ಹೊತ್ತು ಯಾವುದು ಎಂದು ಅದು ತಾನಾಗಿ ಹೇಳುವುದಿಲ್ಲ, ಕೇಳುವವರೂ ಇಲ್ಲ.

ಮಲಗುವುದಾದರೂ ಎಲ್ಲಿ ಎಂಬ ಪ್ರಶ್ನೆ ಹೆಚ್ಚು ಗಟ್ಟಿ. ಸೊಲ್ಲಾಪುರದ ಹೊರಗೆ ಡಾಬಾ ಸಿಗುತ್ತದೆ, ಆದರೆ ಎಣ್ಣೆ ಟ್ಯಾಂಕು, ಸ್ಟೆಪ್ನಿ, ಚೀಲ ಕಾಯುತ್ತ ಅರೆನಿದ್ದೆಯಲ್ಲಿ ಕಳೆದ ರಾತ್ರಿ ಪೂರಾ ವಿಶ್ರಾಂತಿಯಲ್ಲ. ಗಾಡಿ ನಿಲ್ಲಿಸಲು ಬೆಳಕಿರುವ ಜಾಗ, ಕಾವಲು, ಸ್ನಾನಕ್ಕೆ ನೀರು ಬೇಕು. ಮಸ್ಕಿಯಲ್ಲಿ 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಕಂಡ ಬಂಡೆಶಾಸನ ದೇವಾನಾಂಪ್ರಿಯ ಎಂದರೆ ಅಶೋಕನೇ ಎಂದು ಖಚಿತಪಡಿಸಿತು. ಅದೇ ಅರಸ ಇನ್ನೊಂದು ಶಾಸನದಲ್ಲಿ, ದಾರಿಯುದ್ದಕ್ಕೂ ಆಲದ ಮರ ನೆಡಿಸಿದೆ, ಬಾವಿ ತೋಡಿಸಿದೆ, ತಂಗುಮನೆ ಕಟ್ಟಿಸಿದೆ ಎಂದು ತನ್ನ ಕೆಲಸಗಳ ಪಟ್ಟಿ ಕೊಡುತ್ತಾನೆ. ಪ್ರಯಾಣಿಕನ ವಿಶ್ರಾಂತಿ ರಾಜ್ಯದ ಹೊಣೆ ಎಂಬುದು ಹೊಸ ವಿಚಾರವಲ್ಲ ಎನ್ನಲು ಇಷ್ಟು ಸಾಕು. ನಮ್ಮಲ್ಲಿ ಡಿ. ದೇವರಾಜ ಅರಸು ಹೆಸರಿನ ಟ್ರಕ್ ಟರ್ಮಿನಲ್ ಸಂಸ್ಥೆ ಸರ್ಕಾರದ್ದೇ ಇದೆ, ಯಶವಂತಪುರದಲ್ಲಿ ಟರ್ಮಿನಲ್ಲೂ ಇದೆ. ಅಂಥದ್ದು ಬೆಂಗಳೂರಿಗಿಂತ ಹೆಚ್ಚು ಬೇಕಾಗಿರುವುದು ಸರಕು ಹುಟ್ಟುವ ಸಿಂಧನೂರಿಗೆ, ದಾರಿಗಳು ಕೂಡುವ ಲಿಂಗಸುಗೂರಿಗೆ. ಗಿರಣಿಯ ಮುಂದೆ ಸಾಲು ನಿಲ್ಲುವ ಬದಲು ಲಾರಿಗಳು ಅಲ್ಲಿ ನಿಂತು, ಡ್ರೈವರ್ ಮಲಗಿರುವಾಗಲೇ ಸರದಿ ಬರುವಂತಿದ್ದರೆ ಕಾಯುವ ಹೊತ್ತಾದರೂ ವಿಶ್ರಾಂತಿಯ ಲೆಕ್ಕಕ್ಕೆ ಬೀಳುತ್ತಿತ್ತು.

ರೈಲು ಬಂತಲ್ಲ, ಇನ್ನೇಕೆ ಲಾರಿಯ ಚಿಂತೆ ಎನ್ನುವವರಿಗೆ: ಗಿಣಿಗೇರಾ–ಮಹಬೂಬ್‌ನಗರ ಮಾರ್ಗದಲ್ಲಿ ಸಿಂಧನೂರಿಗೆ ರೈಲು ಬಂದದ್ದು 2024ರ ಮಾರ್ಚ್‌ನಲ್ಲಿ. ಗದಗ–ವಾಡಿ ಮಾರ್ಗ 2025ರ ಮೇನಲ್ಲಿ ಕುಷ್ಟಗಿ ಮುಟ್ಟಿದೆ, ಅದು ಲಿಂಗಸುಗೂರಿಗೂ ಬರಬೇಕು. ಒಂದು ಗೂಡ್ಸ್ ರೈಲು ತುಂಬಲು ಎರಡೂವರೆ ಸಾವಿರ ಟನ್ನಿಗೂ ಹೆಚ್ಚು ಸರಕು ಒಂದೇ ಕಡೆಗೆ, ಒಂದೇ ದಿನ ಬೇಕು. ಆಹಾರ ನಿಗಮಕ್ಕೆ ಅದು ಸಾಧ್ಯ. ಹದಿನೆಂಟು ಟನ್ ತರಿಸಿಕೊಳ್ಳುವ ವಾಶಿಯ ವ್ಯಾಪಾರಿಗೆ ಲಾರಿಯೇ ಗತಿ.

ಕೊನೆಗೆ ಉಳಿಯುವುದು ಬೆಲೆಯ ಪ್ರಶ್ನೆ. ಇಳಿಸುವ ಊರಿನಲ್ಲಿ ದಿನಗಟ್ಟಲೆ ನಿಂತರೆ ಹಾಲ್ಟಿಂಗ್ ಕೇಳುವ ರೂಢಿ ಲಾರಿ ಧಂದೆಯಲ್ಲಿ ಇದ್ದೇ ಇದೆ. ಅದನ್ನು ತುಂಬುವ ಊರಿಗೂ, ದಿನದ ಬದಲು ಗಂಟೆಗೂ ತರಬೇಕು. ಅಮೆರಿಕದಲ್ಲಿ ಸಾಮಾನ್ಯವಾಗಿ ಎರಡು ಗಂಟೆ ಬಿಟ್ಟಿ, ಆಮೇಲೆ ಕಾಯಿಸಿದ್ದಕ್ಕೆ ದರ. ಅಲ್ಲಿಯ ಸಾರಿಗೆ ಇಲಾಖೆಯ ತನಿಖಾ ವಿಭಾಗ 2018ರಲ್ಲಿ ಕೊಟ್ಟ ವರದಿಯ ಅಂದಾಜಿನಂತೆ, ಲಾರಿ ತುಂಬುವ–ಇಳಿಸುವ ಕಡೆ ನಿಲ್ಲುವ ಸರಾಸರಿ ಹೊತ್ತು ಹದಿನೈದು ನಿಮಿಷ ಹೆಚ್ಚಿದರೆ ಅಪಘಾತದ ಪ್ರಮಾಣ ಶೇ 6.2 ಏರುತ್ತದೆ. ನಮ್ಮಲ್ಲಿ ನಿಲ್ಲುವುದು ನಿಮಿಷದ ಲೆಕ್ಕವಲ್ಲ. ಗಿರಣಿಯವರು ಇದಕ್ಕೆ ಒಪ್ಪುವುದಿಲ್ಲ, ಅವರಿಗೂ ಕಾರಣವಿದೆ: ಸುಗ್ಗಿಯಲ್ಲಿ ಲಾರಿಗೆ ಬೇಡಿಕೆ, ಉಳಿದ ಕಾಲದಲ್ಲಿ ಲಾರಿಗಳೇ ಸಾಲು. ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು 2024ರ ಆಗಸ್ಟ್ 10ರ ರಾತ್ರಿ ಕೊಚ್ಚಿಹೋಗಿ, ಗೇಟುಗಳ ಬದಲಾವಣೆಗಾಗಿ 2025–26ರಲ್ಲಿ ಎರಡನೇ ಬೆಳೆಗೆ ನೀರು ನಿಂತ ಮೇಲೆ ಲೋಡು ಕಡಿಮೆ, ಗಾಡಿ ಹೆಚ್ಚು. ಇಂಥ ಹೊತ್ತಿನಲ್ಲಿ ಒಬ್ಬೊಬ್ಬ ಮಾಲೀಕ ಹಾಲ್ಟಿಂಗ್ ಕೇಳಿದರೆ ಪಕ್ಕದ ಲಾರಿಗೆ ಲೋಡು ಹೋಗುತ್ತದೆ. ಕೇಳಬೇಕಾದ್ದು ಲಾರಿ ಮಾಲೀಕರ ಸಂಘ. 2025ರ ಏಪ್ರಿಲ್‌ನಲ್ಲಿ ಡೀಸೆಲ್ ಬೆಲೆ ಮತ್ತು ಟೋಲ್ ವಿರುದ್ಧ ರಾಜ್ಯದ ಲಾರಿ ಮಾಲೀಕರು ಮುಷ್ಕರ ಹೂಡಿದ್ದರು. ಲೀಟರಿಗೆ ಎರಡು ರೂಪಾಯಿ ಏರಿದ್ದರಿಂದ ವಾಶಿಯ ಒಂದು ಪಯಣಕ್ಕೆ ಬಿದ್ದ ಹೊರೆ 350 ರೂಪಾಯಿ. ಮೇಲಿನ ಕಂತಿನ ಲೆಕ್ಕದಲ್ಲಿ ಅದು ಗಿರಣಿಯ ಅಂಗಳದ ನಾಲ್ಕು ಗಂಟೆಗೆ ಸಮ.